ಕತ್ತರಿಸಿದ್ದು ಯಾರು?

ಕೊನೆಹೋ ಘಟ್ಟ ಇಳಿದ ಕೂಡಲೇ ಬಯಲು ತೆರೆದುಕೊಳ್ಳುತ್ತದೆ. 101ನೇ ಹೆದ್ದಾರಿಯ ಇಕ್ಕೆಲಗಳಲ್ಲೂ ಸ್ಟ್ರಾಬೆರಿ ಹೊಲ, ನಿಂಬೆ ತೋಟ. ಅದರಾಚೆ ಪೆಸಿಫಿಕ್ ಕಡಲು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಹತ್ತಿಸಿಕೊಂಡ ವ್ಯಾನಿನಲ್ಲಿ ಎಲ್ಲರ ಮೊಣಕಾಲುಗಳ ನಡುವೆಯೂ ಒಂದೊಂದು ಪೋಸ್ಟರ್ ಕೊಳವೆ. ಹಾಗಾಗಿ ಯಾರು, ಎಲ್ಲಿಗೆ ಎಂದು ವಿಚಾರಿಸುವ ಕೆಲಸವೇ ಇಲ್ಲ. ಹಿಂದಿನ ಸೀಟಿನ ಹುಡುಗ ಮುಂದಕ್ಕೆ ಬಾಗಿ ಕೇಳುವುದು ನಿಮ್ಮ ಹೆಸರನ್ನಲ್ಲ, ಊರನ್ನಲ್ಲ. "ಯಾವ ಕಿಣ್ವ?"

"ಹಾವಿನ ವಿಷದ್ದು. ರಸೆಲ್ಸ್ ವೈಪರ್."

ಮುಂದಿನ ಸೀಟಿನಿಂದ ಇನ್ನೂ ಇಬ್ಬರು ತಿರುಗಿ ನೋಡುತ್ತಾರೆ. ಊರಿನಲ್ಲಿ ಕೊಳಕುಮಂಡಲ ಎಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇಲ್ಲಿ ಹತ್ತಿರ ಬರುತ್ತಾರೆ. ರಕ್ತ ಹೆಪ್ಪುಗಟ್ಟುವ ಪರಿಯನ್ನು ಓದಿದವರೆಲ್ಲರಿಗೂ ಅದು ಹಳೆಯ ಪರಿಚಯ. ಆ ವಿಷವನ್ನು ತೀರಾ ತೆಳುಮಾಡಿ ಇವತ್ತಿಗೂ ಆಸ್ಪತ್ರೆಯ ಲ್ಯಾಬುಗಳಲ್ಲಿ ರಕ್ತಪರೀಕ್ಷೆಗೆ ಬಳಸುತ್ತಾರೆ.

ಊರು ವೆಂಚುರಾ, ಕ್ಯಾಲಿಫೋರ್ನಿಯಾ. ತಿಂಗಳು ಫೆಬ್ರವರಿ, ವಾರ ಶನಿವಾರ. ಪ್ಲಾಸ್ಮಿನೋಜನ್ ಮತ್ತು ಜೀವಕೋಶದ ಹೊರಗೆ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳ ಕುರಿತ ಗಾರ್ಡನ್ ಸಂಶೋಧನಾ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ಸೇರುತ್ತದೆ, ಬಹಳ ಸಲ ಸೇರಿರುವುದು ಈ ಊರಿನಲ್ಲೇ. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಹರಡುವುದು, ಗಾಯ ಮಾಯುವುದು, ಹೆರಿಗೆಯ ರಕ್ತಸ್ರಾವ, ಎಲ್ಲದರಲ್ಲೂ ಈ ಕಿಣ್ವಗಳ ಕೈವಾಡ ಇರುವುದರಿಂದ ಬರುವವರೂ ಬಗೆಬಗೆಯವರು. ನಿಮ್ಮನ್ನು ನಾನು ಮೈಸೂರಿನಿಂದ ಕರೆತಂದಿದ್ದೇನೆ. ಮಾನಸಗಂಗೋತ್ರಿಯಲ್ಲಿ ಹಾವಿನ ವಿಷದ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ ಎಂಬ ಕಾರಣಕ್ಕೆ ಇದು ಪೂರ್ತಿ ಕಟ್ಟುಕತೆಯಲ್ಲ. ನಿಮಗೆ ಪಿಎಚ್‌ಡಿಯ ನಾಲ್ಕನೇ ವರ್ಷ, ಇದು ಮೊದಲ ವಿದೇಶ ಪ್ರಯಾಣ. ಪೋಸ್ಟರಿನ ನಡುವಿನ ಚಿತ್ರವೊಂದು ನಿಮಗೆ ಕಣ್ಣುಮುಚ್ಚಿದರೂ ಕಾಣುತ್ತದೆ.

ಹೋಟೆಲಿನ ಕೋಣೆಯಲ್ಲಿ ಎರಡು ಮಂಚ. ಇನ್ನೊಂದು ಮಂಚದ ಮೇಲೆ ಆಗಲೇ ಒಬ್ಬಾಕೆ ಕೂತು ಲ್ಯಾಪ್‌ಟಾಪಿನಲ್ಲಿ ಸ್ಲೈಡು ತಿದ್ದುತ್ತಿದ್ದಾಳೆ. ಕೋಣೆ ಹಂಚಿಕೊಳ್ಳುವವರನ್ನು ಆಯುವುದು ಸಂಘಟಕರು. ಊಟ, ವಸತಿ ಎಲ್ಲ ಸೇರಿಸಿಯೇ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಎಲ್ಲರೂ ಒಂದೇ ಸೂರಿನಡಿ ಮಲಗಿ ಒಂದೇ ಕಡೆ ಉಣ್ಣಬೇಕು. 1931ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ನೀಲ್ ಗಾರ್ಡನ್ ಶುರುಮಾಡಿದ ಪದ್ಧತಿ ಇದು. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಬಿಡುವು, ಸಂಜೆ ಪೋಸ್ಟರು, ರಾತ್ರಿ ಮತ್ತೆ ಉಪನ್ಯಾಸ. ಫೋಟೊ ತೆಗೆಯುವಂತಿಲ್ಲ, ಧ್ವನಿ ಮುದ್ರಿಸುವಂತಿಲ್ಲ, ಇಲ್ಲಿ ಕೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಎಲ್ಲೂ ಉಲ್ಲೇಖಿಸುವಂತಿಲ್ಲ. ಅಚ್ಚಾಗದ ಫಲಿತಾಂಶವನ್ನು, ಅದರಲ್ಲೂ ಕೈಕೊಟ್ಟ ಪ್ರಯೋಗವನ್ನು, ಜನ ಬಾಯಿಬಿಟ್ಟು ಹೇಳಲಿ ಎಂದು ಈ ಕಟ್ಟುಪಾಡು.

ಮುಖ್ಯ ಸಮ್ಮೇಳನ ನಾಳೆ ಸಂಜೆಯಿಂದ. ಅದಕ್ಕೂ ಮೊದಲು ಇವತ್ತು ಮಧ್ಯಾಹ್ನದಿಂದ ನಾಳೆಯವರೆಗೆ ಎಳೆಯರದೇ ಒಂದು ಸೆಮಿನಾರು. ಅಧ್ಯಕ್ಷರಿಂದ ಹಿಡಿದು ಭಾಷಣಕಾರರವರೆಗೆ ಎಲ್ಲರೂ ಸಂಶೋಧನಾ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು. ಪ್ರೊಫೆಸರುಗಳಿಗೆ ಹೆಚ್ಚುಕಡಿಮೆ ಪ್ರವೇಶವಿಲ್ಲ. ಒಬ್ಬಿಬ್ಬರನ್ನು ಹಿತವಚನ ಹೇಳಲು ಕರೆಸಿರುತ್ತಾರೆ, ಅಷ್ಟೇ.

ನಿಮ್ಮ ಸರದಿ ಕಾಫಿಯ ನಂತರ. ಮೈಕು ಕೊರಳಿಗೆ ಸಿಕ್ಕಿಸಿಕೊಳ್ಳುವಾಗ ಬೆರಳು ತಣ್ಣಗಿದೆ. ಮೊದಲ ಸ್ಲೈಡಿನಲ್ಲಿ ಒಂದು ಗಾಜಿನ ಟೆಸ್ಟ್‌ಟ್ಯೂಬು ಮಾತ್ರ. ಹಾವು ಕಚ್ಚಿಸಿಕೊಂಡು ಬಂದವರ ರಕ್ತವನ್ನು ಎರಡು ಎಂಎಲ್‌ನಷ್ಟು ತೆಗೆದು ಒಣಗಿದ ಶುಭ್ರ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಓರೆಮಾಡಿ ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಪರವಾಗಿಲ್ಲ. ನೀರಾಗಿ ಹರಿದರೆ ಪ್ರತಿವಿಷ ಶುರುಮಾಡಬೇಕು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ 58,000 ಎಂಬ ಅಂದಾಜನ್ನು ನೀವು ಹೇಳಿದಾಗ ಸಭೆಯಲ್ಲಿ ಪೆನ್ನುಗಳ ಸದ್ದು ನಿಲ್ಲುತ್ತದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು ಎಂಬುದನ್ನೂ ಹೇಳುತ್ತೀರಿ.

ಆಮೇಲೆ ವಿಷಯಕ್ಕೆ ಬರುತ್ತೀರಿ. ರಕ್ತ ಹೆಪ್ಪುಗಟ್ಟುವುದೆಂದರೆ ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಹೆಣೆದುಕೊಳ್ಳುವುದು. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವ ಸರಪಳಿಯನ್ನು ನಡುವೆಯೇ ಹೊತ್ತಿಸಿಬಿಡುತ್ತದೆ. ಮೈಯೆಲ್ಲ ಸಣ್ಣಸಣ್ಣ ಹೆಪ್ಪು ಕಟ್ಟಿ, ಕಟ್ಟಿದ್ದೆಲ್ಲ ಕರಗಿ, ಕೊನೆಗೆ ಫೈಬ್ರಿನೋಜನ್ನೇ ಬರಿದಾಗಿ ರಕ್ತ ನೀರಾಗುತ್ತದೆ. ಅದೇ ವಿಷದಲ್ಲಿ ಫೈಬ್ರಿನೋಜನ್ನನ್ನು ನೇರವಾಗಿ ಕತ್ತರಿಸುವ ಬೇರೆ ಕಿಣ್ವಗಳೂ ಇವೆ. ನಿಮ್ಮ ಮೂರು ವರ್ಷದ ಶ್ರಮವೆಲ್ಲ ಅಂಥ ಒಂದನ್ನು ಬೇರ್ಪಡಿಸಿ ತೆಗೆಯುವುದರಲ್ಲಿ ಕಳೆದಿದೆ. ಈಗ ಪರದೆಯ ಮೇಲೆ, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್ಲಿನ ಆ ಚಿತ್ರ: ಫೈಬ್ರಿನೋಜನ್ನಿನ ಆಲ್ಫಾ, ಬೀಟಾ, ಗಾಮಾ ಸರಪಳಿಗಳ ಮೂರು ನೀಲಿ ಗೆರೆ. ಕಿಣ್ವ ಹಾಕಿ ಹೊತ್ತು ಕಳೆದಂತೆ ಮೇಲಿನ ಆಲ್ಫಾ ಗೆರೆ ಮಸುಕಾಗಿ ಮಾಯವಾಗುತ್ತದೆ. ಉಳಿದೆರಡು ಹಾಗೇ ಇವೆ. ಅಚ್ಚುಕಟ್ಟಾದ ಫಲಿತಾಂಶ. ಚಪ್ಪಾಳೆ.

ಮೂರನೇ ಸಾಲಿನಲ್ಲಿ ಒಂದು ಕೈ ಮೇಲೇಳುತ್ತದೆ. ನಿಮ್ಮ ಕೋಣೆಯ ಗೆಳತಿ.

"ಫೈಬ್ರಿನೋಜನ್ ಎಲ್ಲಿಂದ ತಂದದ್ದು?"

ಕಂಪನಿಯದು ಎನ್ನುತ್ತೀರಿ, ಮನುಷ್ಯರ ಪ್ಲಾಸ್ಮಾದಿಂದ ಶುದ್ಧೀಕರಿಸಿದ್ದು.

"ಪ್ಲಾಸ್ಮಿನೋಜನ್ ತೆಗೆದದ್ದೋ, ಇದ್ದದ್ದೋ?"

ಪ್ಲಾಸ್ಮಿನೋಜನ್ ಎಂದರೆ ಪ್ಲಾಸ್ಮಿನ್ ಕಿಣ್ವದ ಮಲಗಿರುವ ರೂಪ. ಹೆಪ್ಪನ್ನು ಕರಗಿಸುವ ದೇಹದ ಸ್ವಂತ ಏರ್ಪಾಡು ಅದೇ. ಪ್ಲಾಸ್ಮಾದಿಂದ ಫೈಬ್ರಿನೋಜನ್ ತೆಗೆಯುವಾಗ ಅದೂ ಸ್ವಲ್ಪ ಅಂಟಿಕೊಂಡು ಬರುತ್ತದೆ. ಎಚ್ಚೆತ್ತ ಪ್ಲಾಸ್ಮಿನ್ ಮೊದಲು ಕಚ್ಚುವುದೂ ಆಲ್ಫಾ ಸರಪಳಿಯನ್ನೇ. ಹಾಗಾದರೆ ಆ ನೀಲಿ ಗೆರೆಯನ್ನು ಅಳಿಸಿದ್ದು ನಿಮ್ಮ ಹಾವೋ, ಶೀಶೆಯಲ್ಲಿ ಮೊದಲೇ ಅಡಗಿದ್ದ ಮನುಷ್ಯನ ಕಿಣ್ವವೋ? ನಿಮ್ಮ ಗೈಡು ಈ ಪ್ರಶ್ನೆ ಕೇಳಿರಲಿಲ್ಲ. ಲ್ಯಾಬ್ ಮೀಟಿಂಗಿನಲ್ಲಿ ಯಾರೂ ಕೇಳಿರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಹಾವಿನವರು. ಪ್ಲಾಸ್ಮಿನ್ನಿನವರ ನಡುವೆ ನೀವು ಬಂದು ನಿಂತದ್ದು ಇದೇ ಮೊದಲು.

"ಲೇಬಲ್ ನೋಡಿ ಹೇಳುತ್ತೇನೆ," ಎನ್ನುತ್ತೀರಿ. ಆಕೆ ತಲೆಯಾಡಿಸಿ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಾಳೆ. ಮುಂದಿನ ಭಾಷಣಕ್ಕೆ ದೀಪ ಆರುತ್ತದೆ.

ಈ ಒಂದು ಪ್ರಶ್ನೆ ನಿಮ್ಮ ಕಿವಿಗೆ ಬೀಳಲು ಏನೇನು ಆಗಬೇಕಿತ್ತು ನೋಡಿ. ದಶಕಗಳಿಂದ ಬೆಂಗಳೂರು, ಮೈಸೂರಿನವರಿಗೆ ಅಮೆರಿಕದ ವೀಸಾ ಎಂದರೆ ಮೊದಲು ಚೆನ್ನೈಗೋ ಹೈದರಾಬಾದಿಗೋ ಬಸ್ಸು. ಸಂದರ್ಶನದ ದಿನಾಂಕ ಸಮ್ಮೇಳನಕ್ಕಿಂತ ಮುಂಚೆ ಸಿಗಬೇಕು. ವಿಮಾನದ ಟಿಕೆಟ್ಟು ಕೊಳ್ಳಬೇಕು. ಸಾವಿರ ಡಾಲರ್ ದಾಟುವ ಸಮ್ಮೇಳನದ ಶುಲ್ಕ ಸಂಶೋಧನಾ ವಿದ್ಯಾರ್ಥಿಯ ಎರಡು ತಿಂಗಳ ಶಿಷ್ಯವೇತನಕ್ಕೂ ಮಿಕ್ಕಿದ್ದು. ಟಿಕೆಟ್ಟಿಗೆ ಕೇಂದ್ರ ಸರ್ಕಾರದ ಪ್ರವಾಸ ನೆರವಿಗೆ ಅರ್ಜಿ ಹಾಕಬಹುದು. ಶುಲ್ಕಕ್ಕೆ ಈ ಸಮ್ಮೇಳನದ ಅಧ್ಯಕ್ಷರು ಎತ್ತಿದ ಹಣದಿಂದ ಒಂದಿಷ್ಟು ಸಿಗಬಹುದು. ಆ ಹಣ ಬರುವ ದಾರಿಗಳಲ್ಲಿ ಮುಖ್ಯವಾದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆರ್13 ಎಂಬ ಅನುದಾನ. ಸಮ್ಮೇಳನಗಳಿಗೆಂದೇ ಮೀಸಲಾದದ್ದು. ಅಧ್ಯಕ್ಷರು ಒಂದೆರಡು ವರ್ಷ ಮುಂಚೆಯೇ ಕೂತು ಅರ್ಜಿ ಬರೆಯುತ್ತಾರೆ: ಯಾವ ಕಾಯಿಲೆಗೆ ಈ ಚರ್ಚೆ ಉಪಯೋಗ, ಎಳೆಯರನ್ನು ಹೇಗೆ ಕರೆತರುತ್ತೇವೆ, ಅವರಲ್ಲಿ ಎಷ್ಟು ಜನರಿಗೆ ವೇದಿಕೆ ಕೊಡುತ್ತೇವೆ. ಆ ಹಣದಲ್ಲಿ ಶುಲ್ಕ ಕಟ್ಟಬಹುದು, ಪ್ರಯಾಣಕ್ಕೆ ಕೊಡಬಹುದು, ಮದ್ಯ ಮಾತ್ರ ಕೊಳ್ಳುವಂತಿಲ್ಲ. ರಾತ್ರಿ ಬಾರಿನಲ್ಲಿ ಯಾರು ಯಾರಿಗೆ ಬಿಯರ್ ಕೊಡಿಸಿದರೂ ಅದು ಸ್ವಂತ ಜೇಬಿನದು.

ಇಲ್ಲಿ ನನ್ನದೊಂದು ತಕರಾರಿದೆ. ಪ್ರವಾಸದ ನೆರವೆಂದು ಕೊಡುವುದರಲ್ಲಿ ಬಹುಪಾಲು ಎಲ್ಲ ಕಡೆಯೂ ಮರುಪಾವತಿ: ಮೊದಲು ನೀವು ಖರ್ಚು ಮಾಡಿ, ರಸೀತಿ ಕೊಡಿ, ಆಮೇಲೆ ನಾವು ಕೊಡುತ್ತೇವೆ. ಖರ್ಚು ಮಾಡಲು ಇದ್ದವರಿಗೆ ಮಾತ್ರ ಇದು ನೆರವು. ಇಲ್ಲದವರು ಅಪ್ಪನ ಹತ್ತಿರವೋ ಸೊಸೈಟಿಯಲ್ಲೋ ಸಾಲ ಎತ್ತಿ, ಮೂರು ತಿಂಗಳು ಬಡ್ಡಿ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅನೇಕರು ಆ ಸಾಲವನ್ನೇ ಎತ್ತದೆ ಅರ್ಜಿಯನ್ನೇ ಹಾಕುವುದಿಲ್ಲ, ಹಾಗಾಗಿ ಯಾವ ಲೆಕ್ಕದಲ್ಲೂ ಅವರು ಸಿಗುವುದಿಲ್ಲ. ಮೊದಲೇ ಟಿಕೆಟ್ಟು ಕೊಂಡು ಕಳಿಸುವ ಸಂಘಟಕರೂ ಇದ್ದಾರೆ. ಎಳೆಯರಿಗೆ ಬೆಂಬಲ ಎಂಬ ಮಾತು ಅವರ ಬಾಯಲ್ಲಿ ಬಂದಾಗ ಮಾತ್ರ ನಾನು ಪೂರ್ತಿ ನಂಬುತ್ತೇನೆ.

ಭಾನುವಾರ ಸಂಜೆ. ಊಟದ ಹಾಲಿನ ಸದ್ದೇ ಬದಲಾಗಿದೆ. ಹಿರಿಯರು ಬಂದಿದ್ದಾರೆ. ಪರಸ್ಪರ ಹೆಗಲು ತಟ್ಟುತ್ತಾ, ಮೊಮ್ಮಕ್ಕಳನ್ನು ವಿಚಾರಿಸುತ್ತಾ, ನಲವತ್ತು ವರ್ಷದ ಹಿಂದಿನ ಜಗಳ ನೆನೆದು ನಗುತ್ತಾ. ನೀವು ತಟ್ಟೆ ಹಿಡಿದು ನಿಂತಿದ್ದೀರಿ. ನಿನ್ನೆಯ ಗೆಳೆಯರೆಲ್ಲ ಮೂಲೆಯ ಒಂದೇ ಮೇಜಿಗೆ ಗುಂಪಾಗಿ ಸೇರಿಕೊಂಡಿದ್ದಾರೆ. ಅಲ್ಲೊಂದು ಕುರ್ಚಿಯೂ ಖಾಲಿ ಇದೆ. ನಡುವಿನ ಮೇಜಿನಲ್ಲಿ ನಿಮ್ಮ ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಹೆಸರು ಬರುವ ಒಬ್ಬರು ಒಂಟಿಯಾಗಿ ಸೂಪು ಕುಡಿಯುತ್ತಿದ್ದಾರೆ. ಮೂಲೆಗೋ, ನಡುವಿಗೋ?

ನೀವು ನಿರ್ಧರಿಸುವಷ್ಟರಲ್ಲಿ ಸ್ವೀಡನ್ನಿನ ಮಾಲ್ಮೋಗೆ ಹೋಗಿಬರೋಣ. 1980ರ ಜೂನ್. ಹೆಪ್ಪು ಕರಗುವ ವಿಜ್ಞಾನದ ಅಂತಾರಾಷ್ಟ್ರೀಯ ಸಮ್ಮೇಳನ. ಸಭೆಯಲ್ಲಿ ಡಯಾನ್ ಪೆನಿಕಾ ಎಂಬ ತರುಣಿ ಕೂತಿದ್ದಾಳೆ. ಪೋಸ್ಟ್‌ಡಾಕ್ ಮುಗಿಸಿ ಜೆನೆನ್‌ಟೆಕ್ ಎಂಬ ಹೊಸ ಕಂಪನಿಗೆ ಸೇರಿ ಇನ್ನೂ ಕೆಲವೇ ತಿಂಗಳು. ಪ್ಲಾಸ್ಮಿನೋಜನ್ನನ್ನು ಎಬ್ಬಿಸುವ ಪ್ರೋಟೀನಿನ ಜೀನು ಹುಡುಕಬೇಕೆಂದು ಹೊರಟಿದ್ದಾಳೆ, ಸಾಕಷ್ಟು ಕಚ್ಚಾ ಸಾಮಗ್ರಿ ಸಿಗದೆ ದಾರಿ ಕಾಣುತ್ತಿಲ್ಲ. ಬೆಲ್ಜಿಯಮ್ಮಿನ ಲೂವೆನ್‌ನಿಂದ ಬಂದ ದೇಸಿರೆ ಕೊಲ್ಲೆನ್ ವೇದಿಕೆ ಹತ್ತಿ, ಬೋಸ್ ಎಂಬ ಮೆಲನೋಮಾ (ಚರ್ಮದ ಕ್ಯಾನ್ಸರ್) ಕೋಶಗಳು ಟಿಪಿಎ ಎಂಬ ಆ ಪ್ರೋಟೀನನ್ನು ಧಾರಾಳವಾಗಿ ಸುರಿಸುತ್ತವೆ ಎಂದು ಹೇಳುತ್ತಾರೆ. ಮಾತು ಮುಗಿದ ಮೇಲೆ ಪೆನಿಕಾ ನೇರವಾಗಿ ಹೋಗಿ ಅವರನ್ನು ಹಿಡಿಯುತ್ತಾಳೆ. ಅಲ್ಲಿಂದ ಇಬ್ಬರ ಜಂಟಿ ಕೆಲಸ ಶುರುವಾಯಿತು. ಎರಡೇ ವರ್ಷಕ್ಕೆ, 1982ರ ಬೇಸಿಗೆಯಲ್ಲಿ, ಜೀನು ಸಿಕ್ಕಿತೆಂದು ಆಕೆ ಲೊಸಾನ್‌ನಲ್ಲಿ ಅದೇ ಸಮ್ಮೇಳನದ ಮುಂದಿನ ಸಭೆಗೆ ಹೇಳಿದಳು. 1983ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಬಂತು. 527 ಅಮೈನೊ ಆಮ್ಲಗಳ ಆ ಪ್ರೋಟೀನು 1987ರಲ್ಲಿ ಹೃದಯಾಘಾತಕ್ಕೆ, 1996ರಲ್ಲಿ ಪಾರ್ಶ್ವವಾಯುವಿಗೆ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನೇ ಕೆಲವು ಕಡೆ ತಿದ್ದಿ ಮಾಡಿದ್ದು ಟೆನೆಕ್ಟೆಪ್ಲೇಸ್. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೃದಯಾಘಾತವಾಗಿ ಬಂದವರಿಗೆ ಉಚಿತವಾಗಿ ಚುಚ್ಚುವ ಮದ್ದು ಅದೇ.

ಪೆನಿಕಾ ಅವತ್ತು ಹೋಗಿರದಿದ್ದರೂ ಯಾರಾದರೂ ಆ ಜೀನನ್ನು ಹಿಡಿಯುತ್ತಿದ್ದರು, ಒಪ್ಪೋಣ. ಆದರೆ ಆಕೆಯನ್ನು ಮಾಲ್ಮೋಗೆ ಕಳಿಸಲು ಹಿಂದೆ ಒಂದು ಕಂಪನಿ ಇತ್ತು ಎಂಬುದನ್ನು ಈ ಕತೆ ಹೇಳುವವರು ಮರೆತುಬಿಡುತ್ತಾರೆ. ಧೈರ್ಯದ ಮಾತೇ ಎಲ್ಲರ ಬಾಯಲ್ಲಿ. ಟಿಕೆಟ್ಟಿನ ಮಾತು ಯಾರೂ ಆಡುವುದಿಲ್ಲ.

ನೀವು ನಡುವಿನ ಮೇಜಿಗೆ ಹೋಗಿ ಕೂತಿದ್ದೀರಿ. ಸೂಪು ಕುಡಿಯುತ್ತಿದ್ದವರು ತಲೆಯೆತ್ತಿ, "ನಾಳೆ ಮಧ್ಯಾಹ್ನ ನಡೆಯಲು ಹೋಗುವವರಿದ್ದೇವೆ, ಬರುತ್ತೀರಾ?" ಎನ್ನುತ್ತಾರೆ. ಕೊಳಕುಮಂಡಲದ ಸುದ್ದಿ ಆಗಲೇ ಅವರ ಕಿವಿಗೂ ಬಿದ್ದಿದೆ.

ಸೋಮವಾರ ಬೆಳಿಗ್ಗೆಯ ಉಪನ್ಯಾಸಗಳನ್ನು ನಿಮಗೆ ಇಲ್ಲಿ ಬಿಡಿಸಿ ಹೇಳಲು ನಿಯಮ ಅಡ್ಡಬರುತ್ತದೆ, ಹಾಗಾಗಿ ಬಿಟ್ಟೆ. ಒಂದನ್ನು ಮಾತ್ರ ಗಮನಿಸಿ. ಭಾಷಣ ಮುಗಿದೊಡನೆ ಮುಂದಿನ ಸಾಲಿನ ಬಿಳಿಗೂದಲಿನವರ ಮೂರು ಕೈಗಳು ಒಟ್ಟಿಗೇ ಮೇಲೇಳುತ್ತವೆ. ಅಧಿವೇಶನ ನಡೆಸುವಾಕೆ ಅವನ್ನು ಕಂಡೂ ಕಾಣದವಳಂತೆ, "ಮೊದಲ ಪ್ರಶ್ನೆ ವಿದ್ಯಾರ್ಥಿಯಿಂದ," ಎಂದು ಸುಮ್ಮನೆ ಕಾಯುತ್ತಾಳೆ. ಮೌನ ಬೆಳೆಯುತ್ತದೆ. ಆಕೆ ಇನ್ನೂ ಕಾಯುತ್ತಾಳೆ. ಕೊನೆಗೆ ಹಿಂದಿನಿಂದ ಒಂದು ಅಳುಕು ದನಿ. ಇದು ಬರೀ ಸೌಜನ್ಯವಲ್ಲ. ಮೊದಲು ಕೇಳುವವರು ಯಾರು ಎಂಬುದಕ್ಕೂ ಆಮೇಲೆ ಕೇಳುವವರು ಯಾರು ಎಂಬುದಕ್ಕೂ ನಂಟಿದೆ. ಹತ್ತು ದೇಶಗಳ 35 ಸಂಸ್ಥೆಗಳಲ್ಲಿ 247 ಸೆಮಿನಾರುಗಳನ್ನು ಕೂತು ನೋಡಿ ಲೆಕ್ಕಹಾಕಿದ ಅಧ್ಯಯನವೊಂದು 2018ರಲ್ಲಿ ಬಂತು. ಯಾವುದೇ ಒಂದು ಪ್ರಶ್ನೆ ಹೆಂಗಸರಿಗಿಂತ ಗಂಡಸರಿಂದ ಬರುವ ಸಂಭವ ಎರಡೂವರೆ ಪಟ್ಟಿಗೂ ಹೆಚ್ಚು. ಮೊದಲ ಪ್ರಶ್ನೆ ಗಂಡಸಿನದಾದರೆ ಅಂತರ ಮತ್ತೂ ಹಿಗ್ಗುತ್ತದೆ. ಹಾಗೆ ಕಾಯಲು ಚಿಕ್ಕಾಸಿನ ಖರ್ಚಿಲ್ಲ. ಆದರೂ ಎಷ್ಟೋ ಕಡೆ ಅದೇ ಕಾಣುವುದಿಲ್ಲ.

ಮಧ್ಯಾಹ್ನ ಬಿಡುವು. ಬಿಸಿಲಿದೆ, ಆದರೆ ಗಾಳಿ ತಣ್ಣಗೆ ಕೊರೆಯುತ್ತದೆ. ಕಡಲಿನೊಳಕ್ಕೆ ಚಾಚಿದ ವೆಂಚುರಾದ ಮರದ ಪಿಯರ್ ಮೊದಲು ಕಟ್ಟಿದ್ದು 1872ರಲ್ಲಿ. ಅಲೆ, ಬೆಂಕಿ, ಬಿರುಗಾಳಿಗೆ ಸಿಕ್ಕಿ ಮತ್ತೆ ಮತ್ತೆ ಕಟ್ಟಿಸಿಕೊಂಡಿದೆ. ಹಲಗೆಗಳ ಮೇಲೆ ಆರೇಳು ಜನ ನಡೆಯುತ್ತಿದ್ದೀರಿ. ಎದುರಿಗೆ ಅನಕಾಪಾ ದ್ವೀಪದ ಕಡಿದಾದ ಬೆನ್ನು. ಈ ಕಾಲದಲ್ಲಿ ಬೂದು ತಿಮಿಂಗಿಲಗಳು ನಡುವಿನ ಜಲಸಂಧಿಯಲ್ಲೇ ಹಾದುಹೋಗುತ್ತವೆ, ಅಗೋ ಅಲ್ಲಿ ಎಂದು ಯಾರೋ ಬೆರಳು ತೋರಿಸುತ್ತಾರೆ, ಎಲ್ಲರೂ ನೋಡುತ್ತಾರೆ, ಅದು ದೋಣಿ.

ಸೂಪಿನವರು ನಿಮ್ಮ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಲೋಹದ ನೆರವಿನಿಂದ ಪ್ರೋಟೀನು ಕತ್ತರಿಸುವ ಮೆಟಲೊಪ್ರೋಟಿಯೇಸುಗಳ ಹಳೆಯ ಕತೆ ತೆಗೆಯುತ್ತಾರೆ. ಗೊದಮೊಟ್ಟೆಯ ಬಾಲ ಕರಗುವುದು ಹೇಗೆಂದು ಹುಡುಕುತ್ತಾ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ 1962ರಲ್ಲಿ ಕೊಲಾಜನ್ ಕತ್ತರಿಸುವ ಕೊಲಾಜನೇಸನ್ನು ಪ್ರಾಣಿಗಳಲ್ಲಿ ಮೊದಲು ಹಿಡಿದರು. ಆಮೇಲೆ ಕ್ಯಾನ್ಸರ್ ಗಡ್ಡೆಗಳು ಹರಡಲು ಇಂಥವೇ ಕಿಣ್ವಗಳು ದಾರಿ ಕೊರೆಯುತ್ತವೆಂದು ಗೊತ್ತಾಯಿತು. ಅವನ್ನು ತಡೆದರೆ ಕ್ಯಾನ್ಸರನ್ನೇ ತಡೆಯಬಹುದೆಂದು 1990ರ ದಶಕದಲ್ಲಿ ಕಂಪನಿಗಳು ಮುಗಿಬಿದ್ದವು. ಮಾರಿಮಸ್ಟ್ಯಾಟ್ ಎಂಬ ಮಾತ್ರೆಯನ್ನು ರೋಗಿಗಳಿಗೆ ಕೊಟ್ಟಾಗ ಕೀಲುನೋವು ಬಂತು, ಆಯಸ್ಸು ಮಾತ್ರ ನಿರೀಕ್ಷಿಸಿದಂತೆ ಹೆಚ್ಚಲಿಲ್ಲ. ಅದು ತಡೆದ ಕಿಣ್ವಗಳಲ್ಲಿ ಕೆಲವು ದೇಹದ ಪರವಾಗಿಯೇ ಕೆಲಸ ಮಾಡುತ್ತಿದ್ದವು ಎಂಬುದು ಆಮೇಲೆ ತಿಳಿಯಿತು.

"ಯಾವುದು ಏನನ್ನು ಕತ್ತರಿಸುತ್ತದೆ ಎಂದು ಸರಿಯಾಗಿ ಗೊತ್ತಾಗುವ ಮೊದಲೇ ಔಷಧಿ ಮಾಡಿದೆವು," ಎನ್ನುತ್ತಾರೆ ಅವರು. ನಿಮಗೆ ಶನಿವಾರದ ಪ್ರಶ್ನೆ ಚುರುಕ್ ಎನ್ನುತ್ತದೆ. ಅದನ್ನು ಅವರಿಗೂ ಹೇಳಿಬಿಡುತ್ತೀರಿ, ಮುಚ್ಚಿಟ್ಟುಕೊಳ್ಳದೆ.

ಅವರು ನಿಂತುಬಿಡುತ್ತಾರೆ. "ಆ ಹುಡುಗಿ ಸರಿಯಾಗಿಯೇ ಕೇಳಿದ್ದಾಳೆ. ಆದರೆ ಅರ್ಧ ಕೇಳಿದ್ದಾಳೆ. ಪ್ಲಾಸ್ಮಿನೋಜನ್ ಇದ್ದರೂ ಅದು ಮಲಗಿರುತ್ತದಲ್ಲ. ಎಬ್ಬಿಸಿದ್ದು ಯಾರು?"

ಪಿಯರಿನ ತುದಿಯವರೆಗೂ ನೀವು ಬೇರೇನೂ ಮಾತಾಡುವುದಿಲ್ಲ.

ಅದೇ ಸಂಜೆ ನಾಲ್ಕಕ್ಕೆ ಪೋಸ್ಟರು. ಹಾಲಿನ ತುಂಬ ಹಲಗೆ, ಹಲಗೆಯ ತುಂಬ ಪಿನ್ನು. ಮೊದಲ ಅರ್ಧ ಗಂಟೆ ನಿಮ್ಮ ಮುಂದೆ ಯಾರೂ ಇಲ್ಲ. ಪಕ್ಕದ ಹಲಗೆಯಲ್ಲಿ ದೊಡ್ಡ ಲ್ಯಾಬಿನ ಹುಡುಗನ ಸುತ್ತ ಜನ ಕಿಕ್ಕಿರಿದಿದ್ದಾರೆ. ಈ ಅರ್ಧ ಗಂಟೆಯನ್ನು ಯಾವ ಅನುದಾನವೂ ಕಡಿಮೆ ಮಾಡಲಾರದು. ಆಮೇಲೆ ಒಬ್ಬ ವೈದ್ಯ ಬರುತ್ತಾರೆ, ಆಫ್ರಿಕಾದಲ್ಲಿ ಹಾವು ಕಚ್ಚಿದವರನ್ನು ನೋಡಿದವರು. 20 ನಿಮಿಷದ ಪರೀಕ್ಷೆಗೆ ಪ್ಲಾಸ್ಟಿಕ್ ನಳಿಕೆ ಬಳಸಿ ಮೋಸಹೋದ ಪ್ರಸಂಗ ಹೇಳಿ ನಗುತ್ತಾರೆ. ಗಾಜು ಮುಟ್ಟದ ರಕ್ತ ಹೆಪ್ಪುಗಟ್ಟಲು ತಡಮಾಡುತ್ತದೆ, ನಿಮಗೆ ಗೊತ್ತಿರುವುದೇ. ವಿಷ ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಾರೆ. ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘ, 1978ರಲ್ಲಿ ಶುರುವಾದದ್ದು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವವರು. ತಮಿಳುನಾಡಿನ ವಿಷಕ್ಕೂ ಮಂಡ್ಯದ ಕಬ್ಬಿನ ಗದ್ದೆಯ ಹಾವಿನ ವಿಷಕ್ಕೂ ವ್ಯತ್ಯಾಸ ಇರಬಹುದಲ್ಲ ಎಂದು ಅವರೇ ಹೇಳುತ್ತಾರೆ. ಇರುತ್ತದೆ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆ, ಪ್ರತಿವಿಷ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡದಿರಲು ಅದೂ ಒಂದು ಕಾರಣ.

ಆರು ಗಂಟೆಗೆ ದೀಪ ಮಿನುಗಿಸಿ ಊಟಕ್ಕೆ ಕರೆದಾಗ ನಿಮ್ಮ ಹಲಗೆಯ ಮುಂದೆ ಇನ್ನೂ ನಾಲ್ವರಿದ್ದಾರೆ. ಕೋಣೆಯ ಗೆಳತಿ ಅವರಲ್ಲೊಬ್ಬಳು. ನೀವು ಲ್ಯಾಬಿಗೆ ಫೋನು ಮಾಡಿ ಜೂನಿಯರನಿಂದ ಫ್ರೀಜರಿನ ಶೀಶೆಯ ಲೇಬಲ್ ಓದಿಸಿದ್ದೀರಿ: ಪ್ಲಾಸ್ಮಿನೋಜನ್ ತೆಗೆದದ್ದಲ್ಲ.

"ನನ್ನ ಲ್ಯಾಬಿನಲ್ಲಿ ತೆಗೆದದ್ದಿದೆ," ಎನ್ನುತ್ತಾಳೆ. "ಕಳಿಸಬಹುದು. ಕಸ್ಟಮ್ಸ್ ಕಾಗದ ನೀವು ನೋಡಿಕೊಂಡರೆ."

ವಾರದ ನಡುವೆ ಒಂದು ಮಧ್ಯಾಹ್ನ ಪವರ್ ಅವರ್ ಎಂಬ ಕೂಟ. 2016ರಿಂದ ಗಾರ್ಡನ್ ಸಮ್ಮೇಳನಗಳಲ್ಲಿ ನಡೆಸುತ್ತಿದ್ದಾರೆ. ವಿಜ್ಞಾನದಲ್ಲಿ ಹೆಂಗಸರು ಎದುರಿಸುವ ತೊಡಕುಗಳ ಬಗ್ಗೆ ಗಂಡಸರೂ ಹೆಂಗಸರೂ ಕೂತು ಮಾತಾಡುವ ಹೊತ್ತು. ಇಂಥವು ಬಹಳ ಸಲ ಸವೆದ ಮಾತಿನಲ್ಲಿ ಮುಗಿಯುತ್ತವೆ ಎಂದು ನನ್ನ ಗುಮಾನಿ. ಆದರೆ ಈ ಕಿಣ್ವಗಳ ಸಭೆಯಲ್ಲಿ ಉತಾಕೊ ಒಕಾಮೊಟೊ ಹೆಸರು ಬಂದರೆ ಸಾಕು, ಮಾತಿಗೆ ಮೊನೆ ಬರುತ್ತದೆ.

ಯುದ್ಧ ಮುಗಿದ ಜಪಾನ್. ಒಕಾಮೊಟೊ ಮತ್ತು ಗಂಡ ಶೋಸುಕೆ ಟೋಕಿಯೋದಲ್ಲಿ ಹಣವಿಲ್ಲದ ಲ್ಯಾಬು ನಡೆಸುತ್ತಿದ್ದರು. ರಕ್ತದ ಮೇಲೇ ಕೆಲಸ ಮಾಡೋಣ, ಬೇರೇನೂ ಸಿಗದಿದ್ದರೆ ನಮ್ಮದೇ ತೆಗೆದುಕೊಳ್ಳಬಹುದು ಎಂದು ವಿಷಯ ಆರಿಸಿಕೊಂಡವರು. ಮಗುವನ್ನು ಬಿಡಲು ಜಾಗವಿಲ್ಲದೆ ಬೆನ್ನಿಗೆ ಕಟ್ಟಿಕೊಂಡು ಪ್ರಯೋಗ. ಪ್ಲಾಸ್ಮಿನೋಜನ್ ಫೈಬ್ರಿನ್ನನ್ನು ಹಿಡಿದುಕೊಳ್ಳುವುದು ಲೈಸಿನ್ ಎಂಬ ಅಮೈನೊ ಆಮ್ಲದ ಮೂಲಕ. ಲೈಸಿನ್ನನ್ನು ಹೋಲುವ ಸಣ್ಣ ಅಣುವೊಂದನ್ನು ಆ ಹಿಡಿತದ ಜಾಗಕ್ಕೆ ತುರುಕಿದರೆ ಪ್ಲಾಸ್ಮಿನೋಜನ್ ಹೆಪ್ಪಿನ ಮೇಲೆ ಕೂರಲಾರದು, ಹೆಪ್ಪು ಕರಗದು, ರಕ್ತ ನಿಲ್ಲುತ್ತದೆ. 1962ರಲ್ಲಿ ಅವರು ಪ್ರಕಟಿಸಿದ ಆ ಅಣು ಟ್ರಾನೆಕ್ಸಾಮಿಕ್ ಆಮ್ಲ. ಆಕೆ ಮೊದಲು ತನ್ನ ಕೆಲಸವನ್ನು ಸಭೆಯ ಮುಂದಿಟ್ಟಾಗ ಗಂಡಸರು ಕೇಳಿದ ಪ್ರಶ್ನೆ: ನಮಗಾಗಿ ಕುಣಿದು ತೋರಿಸುತ್ತೀರಾ?

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಈ ಮದ್ದು ಆಗುತ್ತದೆಂದು ಆಕೆ ನಂಬಿದ್ದರು. ಪರೀಕ್ಷಿಸಿ ನೋಡಿ ಎಂದು ಕೋಬೆಯ ವೈದ್ಯರನ್ನು ಒಪ್ಪಿಸಲು ಆಗಲಿಲ್ಲ. ಆಕೆ ತೀರಿಕೊಂಡದ್ದು 2016ರಲ್ಲಿ, 98ನೇ ವಯಸ್ಸಿಗೆ. ಮರುವರ್ಷ 21 ದೇಶಗಳ 20,060 ತಾಯಂದಿರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು: ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ. ಕೂಟದಲ್ಲಿ ಯಾರೋ ಶಿಶುಪಾಲನೆಯ ಖರ್ಚನ್ನು ಪ್ರಯಾಣದ ನೆರವಿಗೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ಎತ್ತುತ್ತಾರೆ. ಹತ್ತು ತಿಂಗಳ ಮಗುವನ್ನು ಅಮ್ಮನ ಬಳಿ ಬಿಟ್ಟು ಬಂದಿರುವ ಪೋಸ್ಟ್‌ಡಾಕ್ ಒಬ್ಬಳು ಎದ್ದು, ಮಗುವನ್ನು ನೋಡಿಕೊಳ್ಳಲು ಬಂದ ಅಮ್ಮನ ವಿಮಾನದ ಟಿಕೆಟ್ಟಿನ ಬೆಲೆಯನ್ನು ಡಾಲರಿನಲ್ಲಿ ಹೇಳಿ ಕೂರುತ್ತಾಳೆ. ಆಮೇಲೆ ಚರ್ಚೆ ಬೇಗ ಮುಗಿಯುತ್ತದೆ.

ಗುರುವಾರ ಮುಂದಿನ ಸಮ್ಮೇಳನದ ಪದಾಧಿಕಾರಿಗಳ ಆಯ್ಕೆ, ದೊಡ್ಡ ಊಟ, ತಡರಾತ್ರಿಯ ಹರಟೆ. ಹೇಳುವಂಥದ್ದೇನೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಅದೇ ಹೆದ್ದಾರಿಯಲ್ಲಿ ತೆಂಕಣಕ್ಕೆ ಹೊರಟ ವ್ಯಾನು ಆಕ್ಸ್‌ನಾರ್ಡ್ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಜಗಳ ಜೋರಾಗಿದೆ. ಪ್ರಶ್ನೆ ಮೂರು ಕವಲಾಗಿದೆ. ಒಂದು, ನಿಮ್ಮ ವಿಷದ ಕಿಣ್ವವೇ ಆಲ್ಫಾ ಸರಪಳಿಯನ್ನು ಕತ್ತರಿಸುತ್ತದೆ. ಎರಡು, ಶೀಶೆಯಲ್ಲಿ ಆಗಲೇ ಎಚ್ಚೆತ್ತ ಪ್ಲಾಸ್ಮಿನ್ ಇತ್ತು, ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದು ಪಿಯರಿನ ಮೇಲೆ ಹುಟ್ಟಿದ್ದು: ನಿಮ್ಮ ಕಿಣ್ವ ಫೈಬ್ರಿನೋಜನ್ನನ್ನು ಮುಟ್ಟುವುದೇ ಇಲ್ಲ, ಮಲಗಿದ್ದ ಪ್ಲಾಸ್ಮಿನೋಜನ್ನನ್ನು ಎಬ್ಬಿಸುತ್ತದೆ. ಹಸಿರು ಮಂಡಲ ಜಾತಿಯ ಒಂದು ಹಾವಿನಲ್ಲಿ ಅಂಥ ಕಿಣ್ವ ಸಿಕ್ಕಿದೆ. ಕೊಳಕುಮಂಡಲದಲ್ಲೂ ಇದ್ದರೆ?

"ಆದರೆ ಕೊಳಕುಮಂಡಲದ ವಿಷದಲ್ಲಿ ಪ್ಲಾಸ್ಮಿನ್ನನ್ನು ತಡೆಯುವ ಪ್ರೋಟೀನೂ ಇದೆಯಲ್ಲ," ಎನ್ನುತ್ತೀರಿ. "ಎಬ್ಬಿಸುವುದೂ ಅದೇ, ತಡೆಯುವುದೂ ಅದೇ ಹೇಗಾಗುತ್ತದೆ?"

"ಇಡೀ ವಿಷದಲ್ಲಿ ಇದೆ. ನೀವು ಬೇರ್ಪಡಿಸಿದ ಭಾಗದಲ್ಲಿ ಇದೆಯಾ?" ಎನ್ನುತ್ತಾನೆ ಮೊದಲ ದಿನದ ಹುಡುಗ.

ಕೋಣೆಯ ಗೆಳತಿ ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ನಾಲ್ಕು ಕಂಬ ಎಳೆದು ಜೆಲ್ಲಿನ ನಕ್ಷೆ ಬರೆಯುತ್ತಿದ್ದಾಳೆ. ಒಂದರಲ್ಲಿ ಶುದ್ಧ ಫೈಬ್ರಿನೋಜನ್, ಕಿಣ್ವವಿಲ್ಲದೆ. ಇನ್ನೊಂದರಲ್ಲಿ ಕಿಣ್ವದ ಜೊತೆ. ಮೂರನೆಯದಕ್ಕೆ ಲೋಹವನ್ನು ಕಸಿದುಕೊಂಡು ಮೆಟಲೊಪ್ರೋಟಿಯೇಸನ್ನು ಕೆಡಿಸುವ ಇಡಿಟಿಎ. ನಾಲ್ಕನೆಯದಕ್ಕೆ ಪ್ಲಾಸ್ಮಿನ್ನನ್ನು ಹಿಡಿಯುವ ಅಪ್ರೊಟಿನಿನ್.

"ಐದನೆಯದು ಬೇಕು," ಎಂದು ನೀವು ಪೆನ್ನು ಕಸಿದುಕೊಳ್ಳುತ್ತೀರಿ. "ಶುದ್ಧ ಫೈಬ್ರಿನೋಜನ್ನಿಗೆ ಬೇಕೆಂದೇ ಪ್ಲಾಸ್ಮಿನೋಜನ್ ಸೇರಿಸಿ, ಆಮೇಲೆ ನನ್ನ ಕಿಣ್ವ."

"ಆರನೆಯದು ಕೂಡ," ಎನ್ನುತ್ತಾನೆ ಹಿಂದಿನಿಂದ ಹುಡುಗ, "ಅದಕ್ಕೇ ಟ್ರಾನೆಕ್ಸಾಮಿಕ್ ಹಾಕಿ."

"ಯಾಕೆ?"

ಅವನು ಬಾಯಿ ತೆರೆಯುವ ಮೊದಲೇ ಗೆಳತಿ ಅದು ಬೇಡ, ಜೆಲ್ಲಿನಲ್ಲಿ ಅದರಿಂದ ಏನೂ ಇತ್ಯರ್ಥವಾಗದು ಎನ್ನುತ್ತಾಳೆ, ಅವನು ಆಗುತ್ತದೆ ಎನ್ನುತ್ತಾನೆ, ಮತ್ತು ವ್ಯಾನು ಘಟ್ಟ ಹತ್ತಲು ಶುರುಮಾಡುತ್ತದೆ.